ಅಸುರನೂ ಅಹುರನೂ

‘ಸುರನಲ್ಲದವನೇ ಅಸುರ’ ಎಂದು ಬ್ಯಾಡಗಿಯ ಮಕ್ಕಳಿಗೆ ಬಹುಕಾಲ ಪಾಠ ಹೇಳಿದವನು ನಾನು. ಋಗ್ವೇದವು ಇದನ್ನು ಒಪ್ಪುವದಿಲ್ಲ. ಅದರಲ್ಲಿ ವರುಣನೂ ಅಸುರ, ಅಗ್ನಿಯೂ ಅಸುರ, ಇಂದ್ರನೂ ಅಸುರ, ಬಲಶಾಲಿಯಾದ ಒಡೆಯನೆಂದರ್ಥ. ಆದಿಯ ಅಕಾರವನ್ನು ನಿಷೇಧಾರ್ಥಕವೆಂದು ಬಗೆದ ಮೇಲೆಯೇ ‘ಸುರ’ ಶಬ್ದವು ಹುಟ್ಟಿತು.

ಪಾರಸಿಗಳ ಅವೆಸ್ತಾ ಗ್ರಂಥದಲ್ಲಿ ಇದೇ ಪದವು ‘ಅಹುರ’ವೆಂದಾಗಿ, ಜರತುಷ್ಟ್ರನು ಬೋಧಿಸಿದ ಪರಮೇಶ್ವರನಿಗೆ ಅಹುರ ಮಜ್ದಾ ಎಂಬ ಹೆಸರಾಗಿ ನಿಂತಿದೆ. ನಮ್ಮ ಸೋಮವು ಅಲ್ಲಿ ಹಓಮ, ಸಪ್ತವು ಹಪ್ತ. ಹಳಗನ್ನಡದ ‘ಪಾಲ್’ ‘ಹಾಲು’ ಆದುದನ್ನು ಬಲ್ಲ ವಾಚಕರಿಗೆ ಸಕಾರವು ಹಕಾರವಾದುದು ಸೋಜಿಗವೆನಿಸದು. ಸೋಜಿಗವಿರುವದು ಬೇರೆಡೆಯಲ್ಲಿ: ನಮ್ಮ ‘ದೇವ’ ಶಬ್ದವು ಅಲ್ಲಿ ‘ದಏವ’ವಾಗಿ ದುಷ್ಟಶಕ್ತಿಗಳ ಪಾಲಿಗೆ ಹೋಗಿದೆ; ಇಂದ್ರನೂ ಆ ದುಷ್ಟರಲ್ಲಿ ಒಬ್ಬನು! ಅಣ್ಣತಮ್ಮಂದಿರು ಮನೆ ಒಡೆದಾಗ ಒಬ್ಬನ ಪೂಜ್ಯಪದವು ಇನ್ನೊಬ್ಬನಿಗೆ ಬೈಗುಳವಾಯಿತು.

ಆದರೂ ಅಗ್ನಿಯನ್ನು ಇಬ್ಬರೂ ಬಿಡಲಿಲ್ಲ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ಸ್ಥಾಪಿತವಾದ ಪಾರಸಿಗಳ ಅಗ್ನಿಮಂದಿರವಿದೆ. ಅನ್ಯಮತೀಯರಿಗೆ ಗರ್ಭಗೃಹದ ದರ್ಶನವಿಲ್ಲ. ಅಗ್ನಿಯನ್ನು ಅವರು ಅಹುರ ಮಜ್ದನ ಸಂಕೇತವೆಂದು ಭಾವಿಸಿ ಶ್ರೀಗಂಧದ ತುಂಡುಗಳನ್ನು ಅರ್ಪಿಸುತ್ತಾರೆ. ಬೆಂಕಿಯನ್ನೇ ದೇವರೆನ್ನುವವರು ಎಂಬ ಲೋಕದ ಮಾತು ಸರಿಯಲ್ಲ.

ನಮ್ಮ ಉಪನಯನಕ್ಕೆ ಸಮಾನವಾಗಿ ಅವರಲ್ಲಿ ‘ನವಜೋತ’ವುಂಟು. ಸೊಂಟಕ್ಕೆ ಸುತ್ತುವ ‘ಕುಸ್ತಿ’ ಎಂಬ ಉಣ್ಣೆಯ ದಾರದಲ್ಲಿ 72 ಎಳೆಗಳು. ಅವರ ‘ಯಸ್ನ’ದ, ಎಂದರೆ ನಮ್ಮ ಯಜ್ಞ ಶಬ್ದದ ಒಡಹುಟ್ಟಿನ, ಅಧ್ಯಾಯಗಳೂ ಅಷ್ಟೇ. ಆ ದಾರವನ್ನು ಗಂಡುಮಕ್ಕಳಿಗೆ ಹೇಗೋ ಹಾಗೆಯೇ ಹೆಣ್ಣುಮಕ್ಕಳಿಗೂ ಕಟ್ಟುತ್ತಾರೆ. ನಾನು ಓದಿದ ಪಾಠಶಾಲೆಯಲ್ಲಿ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.