ನೌಕರಿ ಕೊಟ್ಟರೆ ಸಾಕೇ?



ಒಬ್ಬರಿಗೆ ನೌಕರಿಯ ಆದೇಶಪತ್ರ ಬಂದಿದೆಯೆಂದುಕೊಳ್ಳಿ. ಅವರು ಓಡಾಡುವುದು ಗಾಲಿಕುರ್ಚಿಯಲ್ಲಿ. ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಈಗ ಹೇಳಿ, ಅವರಿಗೆ ಕೆಲಸ ಸಿಕ್ಕಿತೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಬ್ರಿಟನ್ನಿಗೆ ಅರ್ಧ ಶತಮಾನ ಹಿಡಿಯಿತು.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದ 1944ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಂಗವಿಕಲರ ಉದ್ಯೋಗ ಕಾಯ್ದೆಯನ್ನು ಅಂಗೀಕರಿಸಿತು. ಯುದ್ಧದಲ್ಲಿ ಗಾಯಗೊಂಡು ಮರಳಿದವರ ಬದುಕಿನ ಚಿಂತೆ ಅದರ ಹಿಂದಿತ್ತು. ಆದರೆ ಸೈನಿಕರಲ್ಲದವರಿಗೂ ಅದು ಅನ್ವಯಿಸಿತು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ಮಾಲೀಕರು ಶೇಕಡಾ 3ರಷ್ಟು ಸ್ಥಾನಗಳನ್ನು ನೋಂದಾಯಿತ ಅಂಗವಿಕಲರಿಗೆ ನೀಡಬೇಕಿತ್ತು. 1946ರಲ್ಲಿ ಎರಡು ಕೆಲಸಗಳನ್ನು ಅವರಿಗಾಗಿಯೇ ಮೀಸಲಿಟ್ಟರು. ಯಾವುವು ಗೊತ್ತೇ? ಲಿಫ್ಟ್ ನಡೆಸುವುದು ಮತ್ತು ವಾಹನ ನಿಲ್ದಾಣ ಕಾಯುವುದು! ಸರ್ಕಾರದ ಉದ್ದೇಶ ಒಳ್ಳೆಯದೇ. ಆದರೆ ಇವರಿಂದ ಇಷ್ಟೇ ಸಾಧ್ಯ ಎಂಬ ಭಾವನೆಯೂ ಅಲ್ಲಿ ಇಣುಕುತ್ತದೆ. ಮೇಲಾಗಿ, ಕಾಯ್ದೆ ಮೀರಿದವರ ಮೇಲೆ ಮೊಕದ್ದಮೆ ಹೂಡಿದ್ದು ತೀರ ವಿರಳ.

1970ರ ದಶಕದಲ್ಲಿ ಅಲ್ಲಿನ ಅಂಗವಿಕಲರೇ ಸಂಘಟಿತರಾಗಿ ಹೊಸ ವಾದವೊಂದನ್ನು ಮುಂದಿಟ್ಟರು. ನಮ್ಮನ್ನು ತಡೆಯುವುದು ನಮ್ಮ ದೇಹವಲ್ಲ, ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟಿದ ಸಮಾಜ ಎಂಬುದೇ ಅದರ ತಿರುಳು. ಮೆಟ್ಟಿಲು ಬಿಟ್ಟು ಇಳಿಜಾರು ದಾರಿ ಮಾಡಿದರೆ ಗಾಲಿಕುರ್ಚಿಗೆ ಅಡ್ಡಿಯೆಲ್ಲಿ?

1994ರಲ್ಲಿ 'ಆಕ್ಸೆಸ್ ಟು ವರ್ಕ್' ಯೋಜನೆ ಆರಂಭವಾಯಿತು. ಅಂಧರಿಗೆ ಓದಲು ನೆರವಾಗುವ ಉಪಕರಣ, ಕಿವುಡರಿಗೆ ಸಂಜ್ಞಾಭಾಷೆಯ ದುಭಾಷಿ, ಬಸ್ಸು ಹತ್ತಲಾಗದವರಿಗೆ ಟ್ಯಾಕ್ಸಿ ವೆಚ್ಚ, ಹೀಗೆ ಪ್ರತಿಯೊಬ್ಬರ ತೊಡಕನ್ನು ನೋಡಿ ಸರ್ಕಾರ ಹಣ ನೀಡತೊಡಗಿತು. ಮರುವರ್ಷದ ಕಾಯ್ದೆ, ಕೆಲಸದ ಸ್ಥಳದಲ್ಲಿ ಸೂಕ್ತ ಮಾರ್ಪಾಡು ಮಾಡುವುದನ್ನು ಮಾಲೀಕರ ಕರ್ತವ್ಯವಾಗಿಸಿತು. ಹಳೆಯ ಶೇಕಡಾ 3ರ ನಿಯಮ ರದ್ದಾಯಿತು.

ನಮ್ಮ ದೇಶದ ಹಾದಿ ಸ್ವಲ್ಪ ಬೇರೆ. 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3ರ ಮೀಸಲಾತಿ ನೀಡಿತು. 2016ರ ಕಾಯ್ದೆ ಅದನ್ನು ಶೇಕಡಾ 4ಕ್ಕೆ ಏರಿಸಿದ್ದಲ್ಲದೆ, ಸರ್ಕಾರಿ ಕಚೇರಿಗಳು ಅಡೆತಡೆಯಿಲ್ಲದ ವಾತಾವರಣವನ್ನೂ ಅಗತ್ಯ ಅನುಕೂಲಗಳನ್ನೂ ಒದಗಿಸಬೇಕೆಂದು ವಿಧಿಸಿತು. ಬ್ರಿಟನ್ ಮೀಸಲು ಪ್ರಮಾಣವನ್ನು ಕೈಬಿಟ್ಟಿತು. ನಾವು ಎರಡನ್ನೂ ಜೊತೆಗಿಟ್ಟುಕೊಂಡೆವು.

ಕಾಯ್ದೆಯೇನೋ ಪುಸ್ತಕದಲ್ಲಿದೆ. ನಾಳೆ ನಿಮ್ಮ ಶಾಲೆ ಕಾಲೇಜಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ. ಗಾಲಿಕುರ್ಚಿಯಲ್ಲಿ ಬರುವ ಅಧ್ಯಾಪಕರೊಬ್ಬರು ಯಾರ ಕೈಯನ್ನೂ ಹಿಡಿಯದೆ ನಿಮ್ಮ ತರಗತಿಯವರೆಗೆ ಬರಬಲ್ಲರೇ?