ದಾರಿಯಲ್ಲಿ ಕಳೆದುಹೋದ ‘ಬೇಡ’

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ನಾವು ಮೈಸೂರಿನ ಮನೆಗೆ ವಿಡಿಯೋ ಕರೆ ಮಾಡಿದ್ದೆವು. ಅಲ್ಲಿ ಭಾನುವಾರದ ಬೆಳಗು. ರಕ್ತದೊತ್ತಡ ಹತೋಟಿಗೆ ಬಂದಿದೆ, ಮಾತ್ರೆ ನಿಲ್ಲಿಸಲೇ ಎಂದು ಅಮ್ಮ ಕೇಳಿದರು. ‘ನಿಲ್ಲಿಸಬೇಡಮ್ಮ’ ಎಂದೆವು. ಅವರ ಕಿವಿಗೆ ಬಿದ್ದದ್ದು ‘ನಿಲ್ಲಿಸಮ್ಮ’. ಮುಂದಿನ ಶನಿವಾರ ವಿಷಯ ತಿಳಿಯುವ ವೇಳೆಗೆ ಒತ್ತಡ ಮತ್ತೆ ಏರಿತ್ತು. ಪುಣ್ಯಕ್ಕೆ ಕೇಡೇನೂ ಆಗಲಿಲ್ಲ.

ನಮ್ಮ ಮನೆಯದು ಹಳೆಯ ದೂರವಾಣಿ ತಂತಿಯ ಮೇಲೆ ಬರುವ ಡಿಎಸ್‌ಎಲ್ ಸಂಪರ್ಕ. ವೇಗ ಅಳೆದರೆ ಕೊರತೆಯಿರಲಿಲ್ಲ. ಆದರೆ ಸಂದೇಶ ಹೋಗಿಬರುವ ಕಾಲ, ಅಂದರೆ ಲೇಟೆನ್ಸಿ, ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು: ನಾಡಿಯ ಎಣಿಕೆ ಸರಿಯಿದ್ದೂ ಲಯ ತಪ್ಪಿದಂತೆ. ತಡವಾಗಿ ಬಂದ ಧ್ವನಿಯ ತುಣುಕಿಗಾಗಿ ಕರೆಯ ತಂತ್ರಾಂಶ ಕಾಯುವುದಿಲ್ಲ; ಬಿಟ್ಟು ಮುಂದೆ ಸಾಗುತ್ತದೆ. ‘ಬೇಡ’ ಕಳೆದದ್ದು ಹಾಗೆ.

ಈ ವ್ಯಾಧಿಯ ಚರಿತ್ರೆಯನ್ನು ಹುಡುಕುತ್ತ ಹೋದರೆ ಅದರ ಬಹುಭಾಗ ನಾವು ವಾಸಿಸುವ ಈ ಬೇ ಏರಿಯಾದಲ್ಲೇ ನಡೆದಿದೆ. 1985ರ ಡಿಸೆಂಬರಿನಲ್ಲಿ, ಪಾಲೋ ಆಲ್ಟೋದ ಫೋರ್ಡ್ ಏರೋಸ್ಪೇಸ್ ಸಂಸ್ಥೆಯ ಜಾನ್ ನೇಗಲ್ ಒಂದು ಎಚ್ಚರಿಕೆ ಬರೆದರು. ಜಾಲದ ನಡುವಣ ಯಂತ್ರಕ್ಕೆ ಎಷ್ಟೇ ಸಂಗ್ರಹ ಕೊಟ್ಟರೂ ದಟ್ಟಣೆ ನೀಗದು. ಸರದಿ ಬೆಳೆದು, ಪ್ಯಾಕೆಟ್‌ಗಳ ಆಯುಷ್ಯ ದಾರಿಯಲ್ಲೇ ತೀರುತ್ತದೆ ಎಂಬುದು ಅವರ ವಾದ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿಯಿತು. ಅಂತರ ಕೇವಲ 400 ಗಜ. ಸೆಕೆಂಡಿಗೆ 32 ಕಿಲೋಬಿಟ್ ಸಾಗುತ್ತಿದ್ದಲ್ಲಿ 40 ಬಿಟ್ ಸಾಗಿತು. ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್, ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸ್ ಇದಕ್ಕೆ ಮದ್ದು ಹುಡುಕಿದರು: ಪ್ಯಾಕೆಟ್ ಕಳೆದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಕಳಿಸುವವನು ನಿಧಾನಿಸಬೇಕು. 1988ರಲ್ಲಿ ಈ ಪ್ರಬಂಧ ಪ್ರಕಟವಾಯಿತು.

ಅದೇ ಹೊತ್ತಿನ ಆಸುಪಾಸಿನಲ್ಲಿ ಸ್ಟ್ಯಾನ್‌ಫರ್ಡಿನ ಜಾನ್ ಚಿಯೋಫಿ ತಾಮ್ರದ ತಂತಿಯನ್ನು ನೂರಾರು ಕಿರು ತರಂಗಪಟ್ಟಿಗಳಾಗಿ ವಿಭಜಿಸುವ ವಿಧಾನವನ್ನು ಬೆಳೆಸಿದರು. 1995ರಲ್ಲಿ ಅದು ಎಡಿಎಸ್‌ಎಲ್‌ನ ಅಮೆರಿಕನ್ ಮಾನದಂಡವಾಯಿತು. ಇಳಿಯುವ ದಾರಿ ಅಗಲ, ಏರುವ ದಾರಿ ಕಿರಿದು ಎಂಬುದು ಅದರ ರಚನೆ.

ಮುಂದೆ ಸ್ಮೃತಿಕೋಶಗಳು ಅಗ್ಗವಾದವು. ಮೋಡೆಮ್‌ಗಳಲ್ಲಿ ದೊಡ್ಡ ಬಫರ್‌ಗಳು ಬಂದವು. ಪ್ಯಾಕೆಟ್ ಕಳೆಯದೆ ಸರದಿಯಲ್ಲಿ ನಿಂತಿತು. ಜೇಕಬ್‌ಸನ್ನರ ಸೂಚನೆ ಕಳಿಸುವವನಿಗೆ ಬೇಗ ಮುಟ್ಟಲಿಲ್ಲ. ನೇಗಲ್ ಎಚ್ಚರಿಸಿದ್ದು ಮನೆಮನೆಗೆ ಬಂದಿತು. ಸುಮಾರು 2010ರಲ್ಲಿ ಜಿಮ್ ಗೆಟ್ಟಿಸ್ ಇದನ್ನು ‘ಬಫರ್‌ಬ್ಲೋಟ್’ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಅವರೊಡನೆ ಅದೇ ಜೇಕಬ್‌ಸನ್ ‘ಕೋಡೆಲ್’ ವಿಧಾನ ನೀಡಿದರು. ಸರದಿಯ ಉದ್ದವನ್ನಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದನ್ನು ಅದು ನೋಡುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ರೋಗನಿದಾನ ಸುಲಭವಾಯಿತು. ಮನೆಯಲ್ಲಿ ಯಾರೂ ಜಾಲ ಬಳಸದಾಗ ಪಿಂಗ್ 30 ಮಿಲಿಸೆಕೆಂಡ್. ಮಗಳು ಶಾಲೆಯ ವಿಡಿಯೋ ಕಳಿಸುವಾಗ 900. ಅಂದು ಸಂಜೆಯೂ ಅವಳು ಅದನ್ನೇ ಮಾಡುತ್ತಿದ್ದಳು. ನಮ್ಮ ಮಾತು ಅವಳ ವಿಡಿಯೋದ ಹಿಂದೆ ಸರದಿ ನಿಂತಿತ್ತು.

ಇಂತಹ ತೊಂದರೆಯಿರುವ ಸದಸ್ಯರು ಹೆಚ್ಚಿನ ವೇಗಕ್ಕೆ ಹಣ ತೆರುವ ಮುನ್ನ ಹೀಗೆ ಎರಡು ಬಾರಿ ಅಳೆಯಲಿ. ವೈ-ಫೈ ಬಿಟ್ಟು ತಂತಿಯಿಂದಲೇ ಅಳೆಯಲಿ. ಜಾಲ ಸುಮ್ಮನಿದ್ದಾಗಲೂ ಪಿಂಗ್ ಹೊಯ್ದಾಡಿದರೆ ದೂರವಾಣಿಯ ಫಿಲ್ಟರ್, ಮನೆಯೊಳಗಿನ ತಂತಿ, ಹೊರಗಿನ ಜೋಡಣೆಗಳನ್ನು ಪರೀಕ್ಷಿಸಬೇಕು. ಬಳಸುವಾಗ ಮಾತ್ರ ಏರಿದರೆ ಅದು ಸರದಿಯ ದೋಷ. ರೌಟರಿನಲ್ಲಿ ಎಸ್‌ಕ್ಯೂಎಂ ಇದ್ದರೆ ಚಾಲೂ ಮಾಡಿ, ಏರುವ ವೇಗದ ಮಿತಿಯನ್ನು ತಂತಿಯ ನಿಜವಾದ ವೇಗಕ್ಕಿಂತ ತುಸು ಕೆಳಗಿಡಬೇಕು. ವೇಗದಲ್ಲಿ ಅಲ್ಪ ನಷ್ಟ; ಮಾತಿನಲ್ಲಿ ಲಾಭ. ನಮ್ಮಲ್ಲಿ ಪಿಂಗ್ ಈಗ 50 ದಾಟುವುದಿಲ್ಲ.

ಆದರೂ ಔಷಧದ ವಿಷಯದಲ್ಲಿ ನಾವು ಯಂತ್ರವನ್ನಷ್ಟೇ ನಂಬುವುದಿಲ್ಲ. ‘ನಿಲ್ಲಿಸಬೇಡಮ್ಮ’ ಎನ್ನುವ ಬದಲು ‘ಮುಂದುವರಿಸಮ್ಮ’ ಎನ್ನುತ್ತೇವೆ. ಅವರ ಬಾಯಿಂದ ಅದನ್ನು ಮತ್ತೊಮ್ಮೆ ಕೇಳಿಯೇ ಕರೆ ಮುಗಿಸುತ್ತೇವೆ.