ಕೊಪಣದಿಂದ ಆನೆಗೊಂದಿಗೆ: ಒಂದು ಯಾತ್ರೆಯ ಕ್ರಮ

ಕನ್ನಡ ನುಡಿಯ ತಿರುಳು ಎಲ್ಲಿ ನೆಲೆಸಿದೆ ಎಂಬುದನ್ನು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ನೆಲೆಗಳನ್ನು ಹೆಸರಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ. ತರಗತಿಗಳಲ್ಲಿ ಈ ಭಾಗವನ್ನು ಪಾಠ ಕೇಳದ ಸಾಹಿತ್ಯದ ವಿದ್ಯಾರ್ಥಿ ಇರಲಾರ. ಆ ಊರಿನ ಬೆಟ್ಟ ಹತ್ತಿದವರು ಮಾತ್ರ ವಿರಳ.

ರೋಮ್, ಫ್ಲಾರೆನ್ಸ್, ವೆನಿಸ್‌ಗಳಿಗೆ ಹೊರಡುವವರು ತಿಂಗಳುಗಟ್ಟಲೆ ಓದಿ, ಯಾವ ಊರಿನ ಬಳಿಕ ಯಾವ ಊರು, ಯಾವ ಚಿತ್ರದ ಬಳಿಕ ಯಾವ ಚಿತ್ರ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಜೊತ್ತೊನ ಭಿತ್ತಿಚಿತ್ರಗಳನ್ನು ಕಂಡವನಿಗೆ ಮಸಾಚೊ ಏನನ್ನು ಹೊಸದಾಗಿ ಸಾಧಿಸಿದನೆಂಬುದು ತಿಳಿಯುತ್ತದೆ. ಕೊಪ್ಪಳ ಜಿಲ್ಲೆಗೆ ಬರುವವರು ಸಾಮಾನ್ಯವಾಗಿ ಇಂಥ ಲೆಕ್ಕ ಹಾಕುವುದಿಲ್ಲ. ಅಂಜನಾದ್ರಿಯ ಮೆಟ್ಟಿಲೇರಿ, ಹೊಳೆ ದಾಟಿ ಹಂಪಿಗೆ ಹೋದರೆ ಅವರ ಯಾತ್ರೆ ಮುಗಿಯಿತು. ಇಡೀ ಸೀಮೆ ಹಂಪಿಯ ಹಿತ್ತಿಲೆಂಬ ಭಾವನೆ ಇದರಿಂದ ಬೆಳೆದಿದೆ. ವಿಜಯನಗರ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಕೊಪಣವು ನಾಡಿನ ಪಾವಿತ್ರ್ಯಕ್ಕೆ ಅಳತೆಗೋಲಾಗಿತ್ತು. ಆದ್ದರಿಂದ ಯಾತ್ರೆ ಕೊಪ್ಪಳದಿಂದಲೇ ಆರಂಭವಾಗಬೇಕೆಂಬುದು ನನ್ನ ನಿಲುವು.

ಅಳತೆಗೋಲು ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿಲ್ಲ. ರನ್ನನು 993ರ ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ಚರಿತದ ಪಾವಿತ್ರ್ಯವನ್ನು ಹೇಳಲು ಗಂಗಾಜಲದ ಜೊತೆಗೆ ಕೊಪಣಾಚಲವನ್ನೂ ಉಪಮಾನವಾಗಿ ತರುತ್ತಾನೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಬಸದಿಗಳನ್ನು ಕಟ್ಟಿಸಿ, ಜೀರ್ಣವಾದವನ್ನು ಎತ್ತಿ ನಿಲ್ಲಿಸಿ ಗಂಗವಾಡಿಯನ್ನು ಕೊಪಣದಂತೆ ಮಾಡಿದನೆಂದು ಶಾಸನಗಳು ಹೊಗಳುತ್ತವೆ. ಉಪಮಾನವು ಕೇಳುಗರಿಗೆ ಮೊದಲೇ ಗೊತ್ತಿರಬೇಕು. ತೆಂಕಣ ಗಂಗವಾಡಿಯ ಓದುಗನಿಗೂ ಕೊಪಣದ ಹೆಸರು ವಿವರಣೆಯಿಲ್ಲದೆ ಅರ್ಥವಾಗುತ್ತಿತ್ತೆಂಬುದು ಇದರಿಂದ ಸ್ಪಷ್ಟ. ಇಲ್ಲಿ 772 ಬಸದಿಗಳಿದ್ದವೆಂಬ ಪ್ರತೀತಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅಂಥ ಪ್ರತೀತಿ ಹುಟ್ಟುವಷ್ಟು ದೊಡ್ಡ ತೀರ್ಥವಾಗಿತ್ತೆಂದು ತಿಳಿದರೆ ಸಾಕು.

ಮೊದಲ ದಿನವನ್ನು ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಿಗೇ ಮೀಸಲಿಡಬೇಕು. ಎರಡೂ ಕಡೆ ಅಶೋಕನ ಕಿರು ಬಂಡೆಶಾಸನಗಳಿವೆ: ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಗವಿಮಠದ್ದು ಬಹುಮಟ್ಟಿಗೆ ಪೂರ್ಣವಾಗಿದೆ, ಪಾಲ್ಕಿಗುಂಡಿನದು ಸವೆದಿದೆ. ಆದರೆ ಸಾಹಿತ್ಯದ ವಿದ್ಯಾರ್ಥಿ ಪಾಲ್ಕಿಗುಂಡಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಬಂಡೆಯ ಮೇಲೆ ಕೊರೆದ ಒಂದು ಜೊತೆ ಪಾದಗಳ ಮುಂದೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದನೆಂದೂ ಹಳಗನ್ನಡದ ಚಿಕ್ಕ ಬರಹವೊಂದು ತಿಳಿಸುತ್ತದೆ. ಸಂಸ್ಕೃತದ ವರಾಂಗಚರಿತವನ್ನು 1938ರಲ್ಲಿ ಸಂಪಾದಿಸಿದ ಆ. ನೇ. ಉಪಾಧ್ಯೆಯವರು ಆ ಕಾವ್ಯದ ಕರ್ತೃ ಜಟಾಸಿಂಹನಂದಿಯೇ ಈತನೆಂದು ಗುರುತಿಸಿದರು. ಆದಿಪುರಾಣದಲ್ಲಿ ಜಿನಸೇನರು ನೆನೆದ ಕವಿ ಈತ. ಗ್ರಂಥಗಳಲ್ಲಿ ಹೆಸರಾಗಿ ಮಾತ್ರ ಉಳಿದ ಪ್ರಾಚೀನ ಕವಿಯೊಬ್ಬನ ನೆನಪು ಹೀಗೆ ಕಲ್ಲಿನಲ್ಲಿ, ಬಯಲಿನಲ್ಲಿ ಸಿಗುವುದು ಅಪರೂಪ. ರಾವೆನ್ನಾದಲ್ಲಿರುವ ದಾಂತೆಯ ಸಮಾಧಿಗೆ ನಮ್ಮವರೂ ಹೋಗಿ ನಮಿಸಿ ಬರುತ್ತಾರೆ. ಈ ಪಾದಗಳಿಗೆ ಅಂಥ ಯಾತ್ರಿಕರು ಬರುವುದು ಕಡಿಮೆ.

ಕೊಪ್ಪಳದ ಬಂಡೆಗಳಲ್ಲಿ ಸಮಾಧಿಮರಣದ ಬರಹಗಳೂ ಇವೆ. ಅವುಗಳಲ್ಲೊಂದು ಶಕ 803ರದು, ಎಂದರೆ ಅಮೋಘವರ್ಷ ನೃಪತುಂಗನ ಕಾಲಕ್ಕೆ ಹೊಂದಿಕೊಂಡದ್ದು. ಇಲ್ಲಿ ನೆಲೆಸಿ, ಜನರಿಗೆ ಶಾಸ್ತ್ರವನ್ನು ಬೋಧಿಸಿ, ತಪದಿಂದ ಮುಡಿಪಿದ ಸರ್ವನಂದಿ ಭಟಾರರ ನೆನಪು ಅದರಲ್ಲಿದೆ. ಕವಿರಾಜಮಾರ್ಗ ರಚನೆಯಾದ ಶತಮಾನದಲ್ಲೇ ಕೊಪಣದಲ್ಲಿ ಬರೆದ ಕನ್ನಡ ಹೇಗಿತ್ತೆಂಬುದನ್ನು ಕಣ್ಣಾರೆ ಓದಬಹುದು. ಸಿ. ಆರ್. ಕೃಷ್ಣಮಾಚಾರ್ಲು ಅವರು 1935ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದ ಕೊಪ್ಪಳದ ಕನ್ನಡ ಶಾಸನಗಳ ಸಂಪುಟವನ್ನು ಮೊದಲೇ ಓದಿಕೊಂಡು, ಪಾಠಗಳ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಬೇಕು. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಬಂಡೆ ಕಾದು, ಬರಹ ಮಸುಕಾಗುತ್ತದೆ. ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನು ಶಾಸನದ ಓದಿಗೆ ಇಟ್ಟುಕೊಳ್ಳುವುದು ಬೇಡ.

ಕೊಪ್ಪಳದ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗೆ ಕೆಂಚನಗೌಡರು ಬ್ರಿಟಿಷರೊಡನೆ ಕಾದಿ ಮಡಿದರು. ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಹಾಕುವ ದೇವತಾಮೂರ್ತಿಗಳನ್ನೂ ಬೊಂಬೆಗಳನ್ನೂ ಅವರ ಮನೆಗಳಲ್ಲೇ ನೋಡಬಹುದು.

ಎರಡನೆಯ ದಿನ ಯಲಬುರ್ಗಾ ಸೀಮೆ. ಯಲಬುರ್ಗಾ ಎಂದರೆ ಶಾಸನಗಳ ಎರಂಬರಗೆ, ಕಲ್ಯಾಣ ಚಾಲುಕ್ಯರ ಮಾಂಡಲಿಕರಾದ ಸಿಂದರ ರಾಜಧಾನಿ. ಶಿಲ್ಪವನ್ನು ನೋಡುವವರು ಇಲ್ಲಿ ಒಂದು ಕ್ರಮವನ್ನು ಬಿಡಬಾರದು: ಮೊದಲು ಕುಕನೂರು, ಆಮೇಲೆ ಇಟಗಿ. ಕುಕನೂರಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲದವು; ಅಲ್ಲಿಯ ಕಲ್ಲೇಶ್ವರ ಗುಡಿಯಲ್ಲಿ ಹಳೆಯ ದ್ರಾವಿಡ ವಿಮಾನವು ರೂಪ ಬದಲಿಸಿಕೊಳ್ಳುತ್ತಿರುವುದು ಕಾಣುತ್ತದೆ. ಇಟಗಿಯ ಮಹಾದೇವ ದೇವಾಲಯ ಆ ಬದಲಾವಣೆಯ ಫಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಶಾಸನವು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿಯನ್ನೂ ಅವನು ಅಲ್ಲೇ ಕಟ್ಟಿಸಿದ. ಕ್ರಮ ತಪ್ಪಿಸಿ ಇಟಗಿಯನ್ನು ಮೊದಲು ನೋಡಿದವರಿಗೆ ಕುಕನೂರು ಸಪ್ಪೆಯಾಗಿ ತೋರುತ್ತದೆ. ಅದು ಕುಕನೂರಿಗೆ ಮಾಡುವ ಅನ್ಯಾಯ.

ಕುಷ್ಟಗಿಗೆ ಅರ್ಧ ದಿನ ಸಾಕು. ದೋಟಿಹಾಳದಲ್ಲಿ ಮಗ್ಗಗಳಿವೆ, ಮುಂದೆ ಇಳಕಲ್ಲಿಗೆ ಹೋದರೆ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ತೋಪು-ತೇಣಿ ಕಸುಬನ್ನು ನೇಕಾರರಿಂದಲೇ ತಿಳಿಯಬಹುದು. ಎರೆನೆಲದ ಯಲಬುರ್ಗಾದಿಂದ ಇಲ್ಲಿಯವರೆಗೆ ಊಟವೆಂದರೆ ಜೋಳದ ಅಥವಾ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ. ಗಂಗಾವತಿಗೆ ಇಳಿದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳು. ಅಲ್ಲಿ ಅನ್ನವೇ ಪ್ರಧಾನ. ಪೋ ನದಿಯ ಬಯಲಿನವರು ಅಕ್ಕಿಯ ರಿಸೊತ್ತೊ ಉಣ್ಣುತ್ತಾರೆ, ಇಟಲಿಯ ದಕ್ಷಿಣದವರು ಗೋಧಿಯ ಪಾಸ್ತಾ ಉಣ್ಣುತ್ತಾರೆ. ಆ ಭೇದ ಇಲ್ಲಿ ಒಂದೇ ಜಿಲ್ಲೆಯೊಳಗೆ, ಒಂದು ಹಗಲಿನ ಪ್ರಯಾಣದಲ್ಲಿ ಎದುರಾಗುತ್ತದೆ.

ಗಂಗಾವತಿ ಸೀಮೆಯಲ್ಲಿ ಕಾಲಕ್ರಮ ನಮ್ಮ ಕೈಮೀರುತ್ತದೆ. ಹಿರೇಬೆಣಕಲ್ಲಿನ ಬೆಟ್ಟದ ಮೇಲಿರುವ ನೂರಾರು ಶಿಲಾಸಮಾಧಿಗಳು ಕಬ್ಬಿಣಯುಗದವು. ಈ ಯಾತ್ರೆಯಲ್ಲಿ ಎಲ್ಲಕ್ಕಿಂತ ಹಳೆಯದನ್ನು ಕೊನೆಗೆ ನೋಡಬೇಕಾಗುತ್ತದೆ. ಹತ್ತುವ ದಾರಿ ಕಠಿಣ; ನೀರು ಜೊತೆಯಲ್ಲಿರಬೇಕು, ಊರಿನವರೊಬ್ಬರು ದಾರಿ ತೋರಲು ಬಂದರೆ ಒಳ್ಳೆಯದು.

ಅಲ್ಲಿಂದ ಆನೆಗೊಂದಿ. ಹುಚ್ಚಪ್ಪಯ್ಯನ ಮಠದ ನುಣುಪು ಕಂಬಗಳನ್ನೂ ಛಾವಣಿಯಲ್ಲಿ ಉಳಿದಿರುವ ವರ್ಣಚಿತ್ರಗಳನ್ನೂ ನೋಡಿ ಹೊಳೆಯ ದಡಕ್ಕೆ ಬಂದಾಗ ಇಟಲಿಯ ನೆನಪು ಇನ್ನೊಂದು ಬಗೆಯಲ್ಲಿ ಬರುತ್ತದೆ. 1420ರ ಸುಮಾರಿಗೆ ನಿಕೊಲೊ ಕೊಂತಿ ಎಂಬ ವೆನಿಸಿನ ವರ್ತಕ ವಿಜಯನಗರವನ್ನು ಕಂಡ. ಅವನು ಹೇಳಿದ್ದನ್ನು ಮಾನವತಾವಾದಿ ವಿದ್ವಾಂಸ ಪೊಜ್ಜೊ ಬ್ರಾಚೊಲಿನಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ. 1567ರಲ್ಲಿ, ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷಗಳ ಮೇಲೆ, ಅದೇ ವೆನಿಸಿನ ಚೆಸಾರೆ ಫೆದೆರಿಚಿ ಬಂದು ಏಳು ತಿಂಗಳು ನಿಂತ. ಮನೆಗಳು ನಿಂತಿದ್ದರೂ ಜನರಿಲ್ಲದ, ಕಾಡುಮೃಗಗಳು ಸೇರಿಕೊಂಡಿವೆಯೆಂದು ಕೇಳಿಬರುತ್ತಿದ್ದ ನಗರವನ್ನು ಅವನು ವರ್ಣಿಸಿದ್ದಾನೆ.

ಕೊಪಣದಿಂದ ಹೊರಟವರು ಹೊಳೆಯಾಚೆ ಮೊದಲು ನೋಡಬೇಕಾದದ್ದು ಇರುಗಪ್ಪ ದಂಡನಾಯಕನು 1385ರಲ್ಲಿ ಕಟ್ಟಿಸಿದ ಕುಂಥುನಾಥ ಜಿನಾಲಯ, ಜನರ ಬಾಯಲ್ಲಿ ಗಾಣಿಗಿತ್ತಿ ಗುಡಿ. ಆನೆಗೊಂದಿಯಿಂದ ತಳವಾರಘಟ್ಟಕ್ಕೆ ದೋಣಿಯಿದೆ. ಹೊಳೆ ತುಂಬಿ ದೋಣಿ ನಿಂತ ದಿನಗಳಲ್ಲಿ ಕಡೆಬಾಗಿಲ ಸೇತುವೆಯ ಮೇಲಿಂದ ಸುತ್ತಿಕೊಂಡು ಹೋಗಬೇಕು.